ವೆನಿಸ್‌ನಲ್ಲಿ ಲಕ್ಷುರಿ ಹೋಟೆಲ್ ಆರಿಸೋದು ಹೇಗೆ: ಸ್ಟಾರ್ ಆಮೇಲೆ, ಮೊದಲು ಸೇತುವೆ ಎಣಿಸಿ

ವೆನಿಸ್‌ಗೆ ಹೋಗ್ತಿದೀವಿ, ಮೂರು ರಾತ್ರಿ ಆದ್ರೂ ದುಡ್ಡಿನ ಮುಖ ನೋಡದೆ ಒಳ್ಳೆ ಹೋಟೆಲ್‌ನಲ್ಲಿ ಇರ್ಬೇಕು ಅಂತ ಆಸೆ, ಯಾವ್ದು ಬುಕ್ ಮಾಡೋದು ಹೇಳಿ ಅಂತ ಕೇಳೋರಿಗೆಲ್ಲ ನಾನು ವಾಪಸ್ ಕೇಳೋದು ಒಂದೇ ಪ್ರಶ್ನೆ. ಬೋಟ್ ಇಳಿದ ಜಾಗದಿಂದ ಹೋಟೆಲ್ ಬಾಗಿಲಿಗೆ ಹೋಗೋಕೆ ಎಷ್ಟು ಸೇತುವೆ ಹತ್ತಿ ಇಳೀಬೇಕು? ಇದಕ್ಕೆ ಉತ್ತರ ಗೊತ್ತಿಲ್ಲ ಅಂದ್ರೆ ಇನ್ನೂ ಕಾರ್ಡ್ ತೆಗೀಬೇಡಿ.

ಇದು ನಾನು ಕಷ್ಟಪಟ್ಟು ಕಲ್ತಿದ್ದು. ಮೊದಲ ಸಲ ಹೋದಾಗ ಫೋಟೋ ನೋಡಿ, ಐದು ಸ್ಟಾರ್ ನೋಡಿ, "ಕೆನಾಲ್ ವ್ಯೂ" ಅನ್ನೋ ಎರಡು ಪದ ನೋಡಿ ಬುಕ್ ಮಾಡ್ಬಿಟ್ಟೆ. ಜೊತೆಗೆ ಮಂಡಿ ನೋವಿರೋ ಅಮ್ಮ, ಮೂರು ದೊಡ್ಡ ಸೂಟ್‌ಕೇಸ್. ಬೋಟ್ ಇಳಿದ್ಮೇಲೆ ನಾಲ್ಕು ಸೇತುವೆ. ಮ್ಯಾಪ್‌ನಲ್ಲಿ ಏಳು ನಿಮಿಷ ಅಂತಿತ್ತು, ನಮಗೆ ಮುಕ್ಕಾಲು ಗಂಟೆ ಹಿಡೀತು. ಆ ಸೇತುವೆಗಳು ಸಪಾಟಾಗಿರಲ್ಲ, ಕೆಳಗೆ ದೋಣಿ ಹೋಗ್ಲಿ ಅಂತ ಕಮಾನಿನ ಹಾಗೆ ಎದ್ದಿರತ್ತೆ, ಹತ್ತೋಕೂ ಮೆಟ್ಟಿಲು ಇಳಿಯೋಕೂ ಮೆಟ್ಟಿಲು, ಮೆಟ್ಟಿಲಿನ ಅಂಚಿಗೆ ಬಿಳಿ ಕಲ್ಲಿನ ಪಟ್ಟಿ, ನೂರಾರು ವರ್ಷ ಕಾಲು ಸವೆಸಿ ನುಣ್ಣಗಾಗಿರೋದ್ರಿಂದ ಮಳೆ ಬಿದ್ರೆ ಜಾರತ್ತೆ. ಮೂರನೇ ಸೇತುವೆ ಮೇಲೆ ಒಂದು ಸೂಟ್‌ಕೇಸಿನ ಚಕ್ರ ಕಿತ್ತು ಬಂತು, ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತ್ಬಿಟ್ರು. ರೂಮಿಗೆ ಹೋಗಿ ನೋಡಿದ್ರೆ ಕೆನಾಲ್ ಕಾಣ್ತಿದ್ದಿದ್ದು ಬಾತ್‌ರೂಮ್ ಕಿಟಕಿಯಿಂದ, ಅದೂ ಬಗ್ಗಿ ಎಡಕ್ಕೆ ಕತ್ತು ತಿರುಗಿಸಿದ್ರೆ. ಎರಡನೇ ಸಲ ಹೋಗೋಕೆ ಮುಂಚೆ ತಿಂಗಳುಗಟ್ಟಲೆ ಕೂತು ಓದ್ದೆ, ಹೋಟೆಲ್‌ಗಳಿಗೆ ಮೇಲ್ ಬರ್ದೆ, ಕೇಳ್ದೆ. ಆಗ ಗೊತ್ತಾಗಿದ್ದನ್ನೆಲ್ಲ ಕೆಳಗೆ ಹಾಕ್ತಿದೀನಿ.

ಹೆಜ್ಜೆ 1: ಹೋಟೆಲ್ ನಿಜವಾಗ್ಲೂ ವೆನಿಸ್‌ನಲ್ಲಿದ್ಯಾ ನೋಡಿ

ಹೆಸರಲ್ಲಿ "ವೆನಿಸ್" ಇರೋ ಎಷ್ಟೋ ಹೋಟೆಲ್‌ಗಳು ಇರೋದು ಮೆಸ್ತ್ರೆಯಲ್ಲಿ, ಅಂದ್ರೆ ಸೇತುವೆ ಆಚೆಗಿನ ಮುಖ್ಯ ಭೂಮಿಯಲ್ಲಿ. ಆಡಳಿತದ ಲೆಕ್ಕಕ್ಕೆ ಅದೂ ವೆನಿಸ್ ನಗರಪಾಲಿಕೆಗೇ ಸೇರತ್ತೆ, ಹಾಗಾಗಿ ಅವ್ರು ಸುಳ್ಳು ಹೇಳ್ತಿದಾರೆ ಅನ್ನೋಕಾಗಲ್ಲ. ಟ್ರೈನ್‌ನಲ್ಲಿ ಹತ್ತು ಹನ್ನೆರಡು ನಿಮಿಷ ಅಷ್ಟೇ. ಆದ್ರೆ ಇಷ್ಟು ದುಡ್ಡು ಕೊಡ್ತಿರೋದೇ ರಾತ್ರಿ ಜನ ಎಲ್ಲ ಹೋದ್ಮೇಲೆ ಖಾಲಿ ಬೀದಿಯಲ್ಲಿ ನಡೆಯೋಕೆ, ಬೆಳಗ್ಗೆ ಕಿಟಕಿ ತೆಗೆದ ತಕ್ಷಣ ನೀರು ನೋಡೋಕೆ. ಅದು ಮೆಸ್ತ್ರೆಯಲ್ಲಿ ಸಿಗಲ್ಲ.

ಹಳೇ ಊರು ಅಂದ್ರೆ 118 ಪುಟ್ಟ ದ್ವೀಪ, 400ಕ್ಕೂ ಜಾಸ್ತಿ ಸೇತುವೆ. ಕಾರು ಬಸ್ಸು ಪಿಯಾಝಾಲೆ ರೋಮಾದಲ್ಲಿ ನಿಂತ್ಹೋಗತ್ತೆ, ಟ್ರೈನ್ ಸಾಂತಾ ಲೂಚಿಯಾ ಸ್ಟೇಷನ್‌ನಲ್ಲಿ. ಅಲ್ಲಿಂದಾಚೆ ಕಾಲು ಇಲ್ಲ ದೋಣಿ. ಊರನ್ನ ಎರಡು ಭಾಗ ಮಾಡ್ಕೊಂಡು ಸುತ್ತಿ ಹರಿಯೋ ಗ್ರ್ಯಾಂಡ್ ಕೆನಾಲ್ ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್ ಉದ್ದ ಇದೆ, ದಾಟೋಕೆ ಸೇತುವೆ ಮಾತ್ರ ನಾಲ್ಕೇ ನಾಲ್ಕು: ಸ್ಟೇಷನ್ ಕಡೆ ಎರಡು, ಮಧ್ಯದಲ್ಲಿ 1591ರ ರಿಯಾಲ್ಟೊ, ಕೊನೇಲಿ ಅಕಾಡೆಮಿಯಾ. ಹಾಗಾಗಿ ಹೋಟೆಲ್ ಯಾವ ದಡದಲ್ಲಿದೆ ಅನ್ನೋದು ದೊಡ್ಡ ವಿಷಯ. ಎದುರಿಗೆ ಕಾಣೋ ಜಾಗಕ್ಕೆ ಹೋಗೋಕೆ ಅರ್ಧ ಗಂಟೆ ಸುತ್ತಬೇಕಾಗಿ ಬರಬಹುದು.

ಅಡ್ರೆಸ್ ನೋಡಿ ಜಾಗ ಗೊತ್ತು ಮಾಡ್ಕೊಳ್ತೀನಿ ಅಂದ್ರೆ ಆಗಲ್ಲ. ಅಲ್ಲಿ ಮನೆ ನಂಬರ್ ಬೀದಿ ಲೆಕ್ಕದಲ್ಲಿಲ್ಲ, ಇಡೀ ಬಡಾವಣೆಗೆ ಒಂದೇ ಸಾಲು. ಊರಲ್ಲಿ ಒಟ್ಟು ಆರು ಬಡಾವಣೆ, "ಸಾನ್ ಮಾರ್ಕೊ 2467" ಅಂದ್ರೆ ಸಾನ್ ಮಾರ್ಕೊ ಬಡಾವಣೆಯ 2467ನೇ ಬಾಗಿಲು ಅಷ್ಟೇ, ಯಾವ ಮೂಲೆ ಅಂತ ದೇವರಿಗೇ ಗೊತ್ತು. ಅದರ ಬದಲು ಹತ್ತಿರದ ವಪೊರೆಟ್ಟೊ ಸ್ಟಾಪ್ ಹೆಸರು ಕೇಳಿ. ವಪೊರೆಟ್ಟೊ ಅಂದ್ರೆ ಅಲ್ಲಿನ ಸಿಟಿ ಬಸ್, ನೀರಿನ ಮೇಲೆ ಓಡೋದು. ಆ ಸ್ಟಾಪಿಂದ ಹೋಟೆಲ್‌ವರೆಗೆ ಮ್ಯಾಪ್ ಜೂಮ್ ಮಾಡಿ, ದಾರೀಲಿ ಸಿಗೋ ನೀಲಿ ಗೆರೆಗಳನ್ನ ಎಣಿಸಿ. ಒಂದೊಂದು ಗೆರೆಯೂ ಒಂದೊಂದು ಸೇತುವೆ. ಸೊನ್ನೆ ಬಂದ್ರೆ ಭೇಷ್, ಒಂದು ಪರವಾಗಿಲ್ಲ, ಮೂರು ದಾಟಿದ್ರೆ ಜೊತೇಲಿ ವಯಸ್ಸಾದೋರು, ಸ್ಟ್ರಾಲರ್‌ನಲ್ಲಿರೋ ಮಗು ಇದ್ರೆ ಬೇಡವೇ ಬೇಡ ಅಂತೀನಿ, ಎಷ್ಟೇ ಚೆನ್ನಾಗಿರ್ಲಿ.

ಹೆಜ್ಜೆ 2: ಯಾವ ನೀರು ಬೇಕು ನಿಮಗೆ

ವೆನಿಸ್‌ನಲ್ಲಿ ಎಲ್ಲಾ ಕಡೆ ನೀರೇ, ಆದ್ರೆ ಎಲ್ಲಾ ನೀರೂ ಒಂದೇ ಅಲ್ಲ.

ಗ್ರ್ಯಾಂಡ್ ಕೆನಾಲ್ ಮೇಲಿನ ಹೋಟೆಲ್‌ಗಳೇ ಎಲ್ಲರ ಕನಸು. ಗ್ರಿಟ್ಟಿ ಪ್ಯಾಲೇಸ್ 1475ರಲ್ಲಿ ಕಟ್ಟಿದ ಮನೆ, ಆಮೇಲೆ ವೆನಿಸ್‌ನ ದೊರೆ ಅಂದ್ರೆ ಡೋಜ್ ಆಗಿದ್ದ ಆಂದ್ರೆಯಾ ಗ್ರಿಟ್ಟಿ ವಾಸ ಇದ್ದ ಜಾಗ, ಎದುರಿಗೆ ಸಾಲೂತೆ ಚರ್ಚಿನ ಗುಮ್ಮಟ. ಅಮಾನ್ ಹೋಟೆಲ್ ಇರೋದು 16ನೇ ಶತಮಾನದ ಪಪಡೋಪೊಲಿ ಅರಮನೆಯಲ್ಲಿ, ಬರೀ 24 ರೂಮು, 2013ರಲ್ಲಿ ಶುರುವಾಗಿದ್ದು. ನೋಟಕ್ಕೆ ಇವುಗಳನ್ನ ಮೀರಿಸೋಕಾಗಲ್ಲ. ಆದ್ರೆ ಗ್ರ್ಯಾಂಡ್ ಕೆನಾಲ್ ಅಂದ್ರೆ ಆ ಊರಿನ ಮೇನ್ ರೋಡ್ ಅನ್ನೋದು ನೆನಪಿರ್ಲಿ. ಬೆಳಕು ಹರಿಯೋ ಹೊತ್ತಿಗೆ ಕಸದ ದೋಣಿ, ತರಕಾರಿ ದೋಣಿ, ಲಾಂಡ್ರಿ ಹೊತ್ಕೊಂಡು ಬರೋ ದೋಣಿ ಎಲ್ಲಾ ಶುರುವಾಗತ್ತೆ. ವಪೊರೆಟ್ಟೊ ಸ್ಟಾಪ್ ಪಕ್ಕದಲ್ಲೇ ಕಿಟಕಿ ಇದ್ರೆ, ಬೋಟು ಬಂದು ತಾಗಿದಾಗೆಲ್ಲ ಆ ತೇಲೋ ಕಬ್ಬಿಣದ ಕಟ್ಟೆ ಕಿರ್ರ್ ಅಂತ ನರಳೋದು ಕೇಳತ್ತೆ. ನನಗೆ ಅದು ಎರಡನೇ ದಿನಕ್ಕೆ ಇಷ್ಟ ಆಗೋಯ್ತು, ನಮ್ಮನೆಯವ್ರಿಗೆ ಕೊನೆವರೆಗೂ ಆಗ್ಲಿಲ್ಲ.

ರೀವಾ ದೆಲಿ ಸ್ಕಿಯವೋನಿ ಅಂತ ಸಾನ್ ಮಾರ್ಕೊ ಚೌಕದ ಪಕ್ಕ ಒಂದು ಅಗಲವಾದ ದಡ ಇದೆ. ಅದು ದಕ್ಷಿಣಕ್ಕೆ ಮುಖ ಮಾಡಿರೋದು, ಹಾಗಾಗಿ ಚಳಿಗಾಲದಲ್ಲೂ ಬಿಸಿಲು, ಎದುರಿಗೆ ಅಗಲವಾದ ನೀರು, ಅದರಾಚೆ ಸಾನ್ ಜಾರ್ಜೊ ದ್ವೀಪದ ಚರ್ಚ್. ಲೊಂಡ್ರಾ ಪ್ಯಾಲೇಸ್ ಇಲ್ಲೇ ಇದೆ, ಸಂಗೀತಗಾರ ಚೈಕೋವ್‌ಸ್ಕಿ 1877ರಲ್ಲಿ ಇಲ್ಲಿ ಉಳ್ಕೊಂಡು ತನ್ನ ನಾಲ್ಕನೇ ಸಿಂಫನಿ ಮೇಲೆ ಕೆಲಸ ಮಾಡಿದ್ದು. ಸ್ಟಾಪ್ ಹತ್ತಿರ, ಸೇತುವೆ ಕಾಟ ಕಮ್ಮಿ, ವಯಸ್ಸಾದೋರ ಜೊತೆ ಹೋಗೋರಿಗೆ ನಾನು ಮೊದಲು ಹೇಳೋ ಜಾಗ ಇದೇ. ಹಗಲು ಹೊತ್ತು ಬಾಗಿಲಾಚೆ ಜಾತ್ರೆ ಇದ್ದ ಹಾಗಿರತ್ತೆ, ಅದೊಂದನ್ನ ಸಹಿಸ್ಕೋಬೇಕು.

ಜ್ಯೂದೆಕ್ಕಾ ದ್ವೀಪ ಎದುರು ದಡ. 1958ರ ಚಿಪ್ರಿಯಾನಿ ಇರೋದು ಇಲ್ಲಿ, ತೋಟ, ದೊಡ್ಡ ಈಜುಕೊಳ ಎರಡೂ ಇರೋ ಹೋಟೆಲ್ ವೆನಿಸ್‌ನಲ್ಲಿ ಅಪರೂಪ. ಚಳಿಗಾಲದಲ್ಲಿ ಮುಚ್ಚಿರತ್ತೆ, ತಾರೀಖು ನೋಡ್ಕೊಳ್ಳಿ. ಇನ್ನೊಂದು ತುದೀಲಿರೋ ಹಿಲ್ಟನ್ ಮೊದಲು ಸ್ಟುಕಿ ಅನ್ನೋರ ಹಿಟ್ಟಿನ ಗಿರಣಿ ಆಗಿತ್ತು, ಕೆಂಪು ಇಟ್ಟಿಗೆಯ ಭಾರೀ ಕಟ್ಟಡ, 2007ರಲ್ಲಿ ಹೋಟೆಲ್ ಆಯ್ತು, ಮೇಲ್ಛಾವಣಿಯಲ್ಲಿ ಪೂಲ್ ಇದೆ, ಮಕ್ಕಳಿರೋರಿಗೆ ಒಳ್ಳೇದು. ಜ್ಯೂದೆಕ್ಕಾದ ಲಾಭ ಏನಂದ್ರೆ ವೆನಿಸ್ ಒಳಗಿದ್ರೆ ವೆನಿಸ್ ಪೂರ್ತಿ ಕಾಣಲ್ಲ, ಇಲ್ಲಿಂದ ಇಡೀ ಊರಿನ ಮುಖ ಕಾಣತ್ತೆ. ನಷ್ಟ ಏನಂದ್ರೆ ಪ್ರತಿ ಸಲ ದೋಣಿ ಹಿಡೀಬೇಕು.

ಲಿಡೋ ದ್ವೀಪ ಬೇರೆನೇ ಕಥೆ, ಸಮುದ್ರ ತೀರ, ಕಾರು ಬಸ್ಸು ಓಡಾಡತ್ತೆ. 1908ರ ಎಕ್ಸೆಲ್ಸಿಯರ್ ಹೋಟೆಲ್‌ನ ಟೆರೇಸ್ ಮೇಲೇ 1932ರಲ್ಲಿ ವೆನಿಸ್ ಸಿನಿಮಾ ಉತ್ಸವ ಶುರುವಾಗಿದ್ದು. ಬೇಸಿಗೇಲಿ ಬೀಚ್ ಬೇಕು ಅನ್ನೋರಿಗೆ ಸರಿ. ಮೊದಲ ಸಲ ಬರೋರು ಮೂರು ರಾತ್ರೀನೂ ಅಲ್ಲಿ ಕಳೆಯೋದು ನನಗೆ ಇಷ್ಟ ಇಲ್ಲ. ಹಾಗೇ ಒಂದೇ ಹೋಟೆಲ್ ಇಡೀ ದ್ವೀಪ ಹಿಡ್ಕೊಂಡಿರೋ ಜಾಗಗಳೂ ಇವೆ, ಶಾಂತಿ ಬೇಕು ಅಂದ್ರೆ ಸ್ವರ್ಗ, ಆದ್ರೆ ರಾತ್ರಿ ಕೊನೇ ಬೋಟ್ ಎಷ್ಟು ಗಂಟೆಗೆ ಅಂತ ಕೇಳದೆ ಬುಕ್ ಮಾಡ್ಬೇಡಿ. ಊರಿನ ಉತ್ತರಕ್ಕಿರೋ ಕನ್ನಾರೆಜೊ ಕಡೆ ಜನ ಕಮ್ಮಿ, ಬಟ್ಟೆ ಒಣಗಿಹಾಕಿರೋ ಗಲ್ಲಿಗಳು, ದುಡ್ಡಿಗೆ ತಕ್ಕ ರೂಮು, ಚಳಿಗಾಲದಲ್ಲಿ ಗಾಳಿ ಜೋರು.

ಹೆಜ್ಜೆ 3: ರೂಮು. ಇಲ್ಲೇ ಎಲ್ಲರೂ ಮೋಸ ಹೋಗೋದು

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಆ ಮನೆಗಳನ್ನ ಹೇಗೆ ಕಟ್ಟಿದಾರೆ ಅಂತ ಗೊತ್ತಾದ್ರೆ ಯಾವ ರೂಮ್ ಕೇಳ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ. ಈಗ ಹೋಟೆಲ್ ಆಗಿರೋ ಹೆಚ್ಚಿನ ಅರಮನೆಗಳು ಮೂಲದಲ್ಲಿ ವ್ಯಾಪಾರಿ ಮನೆತನದವರ ಮನೆಗಳು. ನೆಲಮಹಡಿ ನೀರಿಗೆ ತೆರ್ಕೊಂಡಿರತ್ತೆ, ದೋಣಿ ನೇರ ಒಳಗೆ ಬಂದು ಸರಕು ಇಳಿಸೋಕೆ, ಅದು ಗೋದಾಮು. ಅದರ ಮೇಲಿನ ಮಹಡಿಗೆ ಪಿಯಾನೋ ನೋಬಿಲೆ ಅಂತಾರೆ, ಯಜಮಾನರು ಇದ್ದ ಮಹಡಿ. ಎತ್ತರದ ಚಾವಣಿ, ಆಳೆತ್ತರದ ಕಿಟಕಿ, ಗೋಡೆ ಮೇಲೆ ಚಿತ್ರ, ಎಲ್ಲಾ ಇರೋದು ಅಲ್ಲೇ. ಇನ್ನೂ ಮೇಲಕ್ಕೆ ಹೋದ ಹಾಗೆ ಚಾವಣಿ ತಗ್ಗುತ್ತಾ ಹೋಗತ್ತೆ, ತುತ್ತತುದೀಲಿ ಕೆಲಸದವರ ಕೋಣೆಗಳು. ಅವೇ ಈಗ "ಅಟ್ಟಿಕ್ ರೂಮ್" ಅನ್ನೋ ಚೆಂದದ ಹೆಸರಲ್ಲಿ ಮಾರಾಟಕ್ಕಿರತ್ತೆ, ಎದ್ದು ನಿಂತ್ರೆ ತೊಲೆ ತಲೆಗೆ ತಾಗತ್ತೆ.

ಇನ್ನೊಂದು ವಿಷಯ. ನೀರಿನ ಪಕ್ಕದ ಜಾಗ ಆಗಿನ ಕಾಲಕ್ಕೂ ದುಬಾರಿ, ಹಾಗಾಗಿ ಮನೆಗಳು ಮುಂದೆ ಕಿರಿದು, ಹಿಂದಕ್ಕೆ ಉದ್ದ. ನಡುವೆ ಮುಂದಿನಿಂದ ಹಿಂದಿನವರೆಗೆ ಒಂದು ಉದ್ದ ಪಡಸಾಲೆ, ಎರಡೂ ಪಕ್ಕ ಕೋಣೆಗಳು. ನೀವು ಫೋಟೋದಲ್ಲಿ ನೋಡೋ ಆ ಸಾಲು ಕಮಾನಿನ ಕಿಟಕಿಗಳು ಇವೆಯಲ್ಲ, ಅವು ಆ ಪಡಸಾಲೆಯ ಕಿಟಕಿಗಳು, ಈಗ ಸಾಮಾನ್ಯವಾಗಿ ಬಾರ್ ಅಥವಾ ಲೌಂಜ್ ಆಗಿರತ್ತೆ. ಗ್ರ್ಯಾಂಡ್ ಕೆನಾಲ್ ನೇರ ಕಾಣೋ ಮಲಗೋ ಕೋಣೆ ಮಹಡಿಗೆ ಎರಡು ಮೂರು ಇದ್ರೆ ಹೆಚ್ಚು. ಉಳಿದವೆಲ್ಲ ಪಕ್ಕದ ಸಣ್ಣ ಕಾಲುವೆಗೋ, ಒಳ ಅಂಗಳಕ್ಕೋ, ಹಿಂದಿನ ಗಲ್ಲಿಗೋ ಮುಖ ಮಾಡಿರತ್ತೆ. ಅದಕ್ಕೇ ಪದಗಳನ್ನ ಬಿಡಿಸಿ ಓದಿ. "ಗ್ರ್ಯಾಂಡ್ ಕೆನಾಲ್ ವ್ಯೂ" ಬೇರೆ, "ಕೆನಾಲ್ ವ್ಯೂ" ಬೇರೆ, ಎರಡನೇದು ತೀರಾ ಕಿರಿದಾದ ಕಾಲುವೆಯೂ ಆಗಬಹುದು, ಎದುರು ಮನೆ ಗೋಡೆ ಕೈಗೆ ಸಿಗೋ ಹಾಗೆ. "ಪಾರ್ಶಿಯಲ್ ವ್ಯೂ" ಅಂದ್ರೆ ನಮ್ಮ ಬಾತ್‌ರೂಮ್ ಕಿಟಕಿ.

ಹಾಗಂತ ಸಣ್ಣ ಕಾಲುವೆ ರೂಮು ಕೆಟ್ಟದು ಅಂತಲ್ಲ. ಎರಡನೇ ಸಲ ನಾವು ಬೇಕಂತಲೇ ಅದನ್ನೇ ತಗೊಂಡ್ವಿ. ರಾತ್ರಿ ಹನ್ನೊಂದಕ್ಕೆ ಕಿಟಕಿ ತೆಗೆದು ಕೂತ್ರೆ ಒಂದು ಗೊಂಡೋಲಾ ಖಾಲಿ ವಾಪಸ್ ಹೋಗ್ತಿದೆ, ಹುಟ್ಟು ನೀರಿಗೆ ಬೀಳೋ ಸದ್ದು ಬಿಟ್ಟು ಬೇರೇನೂ ಇಲ್ಲ, ತಿರುವು ಬಂದಾಗ ಅವನು "ಓಯೆ" ಅಂತ ಕೂಗಿದ್ದು ಎರಡು ಗೋಡೆ ಮಧ್ಯೆ ಅನುರಣಿಸ್ತಾ ನಿಧಾನಕ್ಕೆ ಆರಿಹೋಯ್ತು. ನೀರಿನ ಬೆಳಕು ಚಾವಣಿ ಮೇಲೆ ಬಲೆ ಹಾಗೆ ಅಲ್ಲಾಡ್ತಿತ್ತು. ಆ ರೂಮಿಗೆ ಗ್ರ್ಯಾಂಡ್ ಕೆನಾಲ್ ರೂಮಿನ ಅರ್ಧ ರೇಟು.

ಹಳೇ ಹೆಸರಿನ ಹೋಟೆಲ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಹೆಸರು ಒಂದೇ ಇದ್ರೂ ಕಟ್ಟಡ ಎರಡು ಮೂರು ಇರತ್ತೆ. ದಾನಿಯೇಲಿ ಇದಕ್ಕೆ ಒಳ್ಳೆ ಉದಾಹರಣೆ, 1822ರಲ್ಲಿ ಶುರುವಾದ ಹೋಟೆಲ್, ಮೂಲ ಕಟ್ಟಡ 14ನೇ ಶತಮಾನದ ದಾಂಡೊಲೊ ಅರಮನೆ, ಅದರ ಪಕ್ಕದ ಒಂದು ಭಾಗ ಮಾತ್ರ 1940ರ ದಶಕದಲ್ಲಿ ಕಟ್ಟಿದ್ದು. ಗೊತ್ತಿಲ್ದೆ ಬುಕ್ ಮಾಡಿದೋರಿಗೆ ಅರಮನೆ ಹೆಸರು, ಹೊಸ ಕಟ್ಟಡದ ರೂಮು. ಇತ್ತೀಚೆಗೆ ಅಲ್ಲಿ ದೊಡ್ಡ ರಿನೋವೇಷನ್ ಹಿಡ್ಕೊಂಡಿದ್ರು, ಇದೇ ಥರ ಬೇರೆ ಕೆಲವು ಹಳೇ ಹೋಟೆಲ್‌ಗಳೂ ಮುಚ್ಚಿ ಕೆಲಸ ಮಾಡಿವೆ, ಹಾಗಾಗಿ ನಿಮ್ಮ ಹೋಟೆಲ್‌ನಲ್ಲೂ ಪಕ್ಕದಲ್ಲೂ ಸಾರವೆ ಕಟ್ಟಿದಾರಾ ಅಂತ ಕೇಳಿ. ಅಷ್ಟು ದುಡ್ಡು ಕೊಟ್ಟು ಕಿಟಕಿಗೆ ಹಸಿರು ಬಲೆ ನೋಡೋದು ಹೊಟ್ಟೆ ಉರಿಯೋ ವಿಷಯ. ಲಿಫ್ಟ್ ನಿಮ್ಮ ಮಹಡಿವರೆಗೆ ಬರತ್ತಾ ಅಂತಲೂ ಕೇಳಿ, ಹಳೇ ಕಟ್ಟಡಗಳಲ್ಲಿ ಎಲ್ಲೆಂದ್ರಲ್ಲಿ ಲಿಫ್ಟ್ ಕೊರೆಯೋಕೆ ಬಿಡಲ್ಲ, ಕೊನೇ ಎಂಟು ಮೆಟ್ಟಿಲು ಹತ್ತಲೇಬೇಕು ಅನ್ನೋ ರೂಮುಗಳಿವೆ.

ಹೆಜ್ಜೆ 4: ಬಾಗಿಲು ನೀರಿಗಿದ್ಯಾ

ಒಳ್ಳೆ ಹೋಟೆಲ್‌ಗೆ ತನ್ನದೇ ನೀರ ಬಾಗಿಲು ಇರತ್ತೆ, ಏರ್‌ಪೋರ್ಟ್‌ನಿಂದ ವಾಟರ್ ಟ್ಯಾಕ್ಸಿ ಹತ್ತಿದ್ರೆ ನೇರ ಅಲ್ಲೇ ಇಳೀಬಹುದು, ಒಂದೂ ಸೇತುವೆ ಇಲ್ಲ. ಮಾರ್ಕೊ ಪೋಲೋ ಏರ್‌ಪೋರ್ಟ್ ಒಳಗಿಂದಲೇ ಬೋಟ್ ಕಟ್ಟೆವರೆಗೆ ಮುಚ್ಚಿದ ದಾರಿ ಇದೆ. ಟ್ಯಾಕ್ಸಿ ಬೋಟಿಗೆ 100 ಯೂರೋ ಮೇಲೇ ಆಗತ್ತೆ, ನಾಲ್ಕು ಜನ ಇದ್ರೆ, ಅದರಲ್ಲೂ ವಯಸ್ಸಾದೋರಿದ್ರೆ, ಈ ದುಡ್ಡು ಖರ್ಚು ಮಾಡಿ, ನಾನು ಬೇರೆ ಯಾವುದಕ್ಕೂ ಇಷ್ಟು ಒತ್ತಿ ಹೇಳಲ್ಲ. ಇಬ್ಬರೇ, ಬ್ಯಾಗ್ ಚಿಕ್ಕದು ಅಂದ್ರೆ ಅಲಿಲಗುನಾ ಅನ್ನೋ ಹಂಚಿಕೊಳ್ಳೋ ಬೋಟ್ ಸಾಕು, ನಿಧಾನ ಅಷ್ಟೇ. ಊರೊಳಗೆ ವಪೊರೆಟ್ಟೊ 75 ನಿಮಿಷದ ಟಿಕೆಟ್ 9.50 ಯೂರೋ, ದಿನಕ್ಕೆ ಮೂರು ಸಲ ಹತ್ತೋದಾದ್ರೆ ಪಾಸ್ ತಗೊಳ್ಳಿ. ಜ್ಯೂದೆಕ್ಕಾ, ಲಿಡೋ, ದ್ವೀಪದ ಹೋಟೆಲ್ ಆದ್ರೆ ಅವರ ಶಟಲ್ ಬೋಟ್ ಫ್ರೀನಾ, ಎಷ್ಟು ಹೊತ್ತಿಗೊಂದು, ರಾತ್ರಿ ಎಷ್ಟರವರೆಗೆ, ಇಷ್ಟನ್ನೂ ಬರವಣಿಗೆಯಲ್ಲಿ ತಗೊಳ್ಳಿ.

ನೀರು ಏರಿದಾಗ ಬೋಟು ಸಣ್ಣ ಸೇತುವೆ ಕೆಳಗೆ ತೂರಲ್ಲ, ತುಂಬಾ ಇಳಿದಾಗ ಕೆಲವು ಕಿರಿ ಕಾಲುವೆಗೆ ಬರೋಕಾಗಲ್ಲ. ಆಗ ಎಲ್ಲಿ ಇಳಿಸ್ತೀರ ಅಂತ ಕೇಳಿ ನೋಡಿ, ಒಳ್ಳೆ ಹೋಟೆಲ್‌ನವರು ಥಟ್ ಅಂತ ಜಾಗದ ಹೆಸರು ಹೇಳಿ, ಪೋರ್ಟರ್ ಕಳಿಸ್ತೀವಿ ಅಂತಾರೆ.

ಹೆಜ್ಜೆ 5: ತಿಂಗಳು

ಶರತ್ಕಾಲದಿಂದ ಚಳಿಗಾಲದವರೆಗೆ ಸಮುದ್ರ ಉಬ್ಬಿ ಊರೊಳಗೆ ಬರೋದಕ್ಕೆ ಆಕ್ವಾ ಆಲ್ಟಾ ಅಂತಾರೆ. 1966ರ ನವೆಂಬರ್ 4ರಂದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಬಂದಿತ್ತು (ಇದು ಉಬ್ಬರದ ಮಟ್ಟ, ಬೀದೀಲಿ ನಿಂತ ನೀರಿನ ಆಳ ಅಲ್ಲ). 2020ರ ಅಕ್ಟೋಬರ್‌ನಿಂದ ಮೋಸೆ ಅನ್ನೋ ತಡೆಗೇಟ್‌ಗಳು ಕೆಲಸಕ್ಕೆ ಬಂದ್ಮೇಲೆ ಅಂಥ ದೊಡ್ಡ ಪ್ರವಾಹದ ಭಯ ಬಹಳ ಇಳಿದಿದೆ. ಮೂರು ಸಮುದ್ರ ಬಾಯಿಗಳಲ್ಲಿ ಒಟ್ಟು 78 ಗೇಟು, ನೀರಿನ ತಳದಲ್ಲಿ ಮಲಗಿರತ್ತೆ, ಗಾಳಿ ತುಂಬಿದಾಗ ಎದ್ದು ನಿಲ್ಲತ್ತೆ. ಆದ್ರೆ ಸಾಮಾನ್ಯವಾಗಿ ಅದನ್ನ ಎತ್ತೋದು 110 ಸೆಂಟಿಮೀಟರ್ ಮುನ್ಸೂಚನೆ ಬಂದಾಗ, ಸಾನ್ ಮಾರ್ಕೊ ಚೌಕದ ತಗ್ಗು ಭಾಗಕ್ಕೆ 80ರ ಸುಮಾರಿಗೇ ನೀರು ಬರತ್ತೆ. ಹಾಗಾಗಿ ನವೆಂಬರ್‌ನಲ್ಲಿ ಹೋಗೋದಾದ್ರೆ ಚೌಕದ ಆಸುಪಾಸಿನ ಹೋಟೆಲ್‌ನವರಿಗೆ ನಿಮ್ಮ ಲಾಬಿಗೆ ನೀರು ಬರತ್ತಾ, ಬೂಟ್ ಕೊಡ್ತೀರಾ ಅಂತ ನೇರ ಕೇಳಿ. ಹೆದರೋ ಅಂಥದ್ದೇನಿಲ್ಲ, ಕೆಲವೇ ಗಂಟೆ, ಆಮೇಲೆ ಇಳಿದುಹೋಗತ್ತೆ.

ರೇಟಿನ ವಿಷಯಕ್ಕೆ ಬಂದ್ರೆ ಕಾರ್ನಿವಲ್, ಬಿಯೆನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನ ಶುರುವಾಗೋ ವಾರ, ಜುಲೈ ಮೂರನೇ ವಾರಾಂತ್ಯದ ರೆದೆಂತೋರೆ ಹಬ್ಬ, ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ಭಾಗದ ಸಿನಿಮಾ ಉತ್ಸವ, ಈ ನಾಲ್ಕನ್ನ ತಪ್ಪಿಸಿದ್ರೆ ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ರೂಮ್ ಸಿಗತ್ತೆ. ಜುಲೈ ಆಗಸ್ಟ್‌ನಲ್ಲಿ ಸೆಖೆ, ಸೊಳ್ಳೆ, ಇಳಿತದ ಹೊತ್ತಿಗೆ ಕಾಲುವೆ ವಾಸನೆ, ಕಿಟಕಿ ತೆಗೆಯೋಕಾಗಲ್ಲ ಅಂದ್ಮೇಲೆ ವ್ಯೂಗೆ ಕೊಟ್ಟ ದುಡ್ಡು ಅರ್ಧ ಹೋಯ್ತು. ನನ್ನ ಕೇಳಿದ್ರೆ ಏಪ್ರಿಲ್ ಮೊದಲ ಭಾಗ ಅಥವಾ ಅಕ್ಟೋಬರ್.

ಹೆಜ್ಜೆ 6: ದುಡ್ಡು, ಕಾಗದ

ಸ್ಕ್ರೀನ್ ಮೇಲಿನ ರೇಟಿಗೆ ಊರಿನ ಪ್ರವಾಸಿ ತೆರಿಗೆ ಸಾಮಾನ್ಯವಾಗಿ ಸೇರಿರಲ್ಲ, ತಲೆಗೆ ಇಷ್ಟು ಅಂತ ಮೊದಲ ಐದು ರಾತ್ರಿವರೆಗೆ ಹೋಟೆಲ್‌ನಲ್ಲೇ ಕಟ್ಟಿಸ್ಕೊಳ್ತಾರೆ, ಹತ್ತು ವರ್ಷದೊಳಗಿನ ಮಕ್ಕಳಿಗಿಲ್ಲ. 2024ರಲ್ಲಿ ಶುರುವಾದ ಡೇ ಟ್ರಿಪ್ ಪ್ರವೇಶ ಶುಲ್ಕ ರಾತ್ರಿ ಉಳಿಯೋರಿಗೆ ಇಲ್ಲ, ಆದ್ರೆ ಆ ಶುಲ್ಕ ಇರೋ ದಿನಗಳಲ್ಲಿ ವಿನಾಯಿತಿಯ ಕ್ಯೂಆರ್ ಕೋಡ್ ಇಟ್ಕೊಂಡಿರ್ಬೇಕು, ಹೋಟೆಲ್‌ನವರನ್ನ ಕೇಳಿದ್ರೆ ದಾರಿ ಹೇಳ್ತಾರೆ. ನಾವು ಶೆಂಗೆನ್ ವೀಸಾ ಮೇಲೆ ಹೋಗೋರು, ವೀಸಾ ಕೈಗೆ ಬರೋವರೆಗೆ ಫ್ರೀ ಕ್ಯಾನ್ಸಲೇಷನ್ ರೇಟೇ ತಗೊಳ್ಳಿ, ನಾನ್‌ರಿಫಂಡಬಲ್‌ನಲ್ಲಿ ಉಳಿಯೋ ದುಡ್ಡಿಗೆ ಆಸೆಪಟ್ಟು ಪೂರ್ತಿ ಕಳ್ಕೊಂಡ ಸ್ನೇಹಿತರಿದಾರೆ ನನಗೆ.

ಹೆಜ್ಜೆ 7: ಬುಕ್ ಮಾಡೋಕೆ ಮುಂಚೆ ಒಂದು ಮೇಲ್

ಎರಡು ಮೂರು ಹೋಟೆಲ್‌ಗೆ ಇಳಿಸ್ಕೊಂಡ್ಮೇಲೆ ಎಲ್ಲಕ್ಕೂ ಇದೇ ಪ್ರಶ್ನೆ ಹಾಕಿ. ಹತ್ತಿರದ ಸ್ಟಾಪ್ ಯಾವ್ದು, ಅಲ್ಲಿಂದ ಎಷ್ಟು ಸೇತುವೆ? ವಾಟರ್ ಟ್ಯಾಕ್ಸಿ ನೇರ ನಿಮ್ಮ ಬಾಗಿಲಿಗೆ ಬರತ್ತಾ? ಈ ರೇಟಿನ ರೂಮು ಯಾವ ಕಟ್ಟಡ, ಯಾವ ಮಹಡಿ, ಕಿಟಕಿ ಯಾವ ನೀರಿಗೆ, ಆ ಕಿಟಕಿಯಿಂದಲೇ ತೆಗೆದ ಫೋಟೋ ಒಂದು ಕಳಿಸ್ತೀರಾ? ಲಿಫ್ಟ್ ರೂಮಿನ ಮಹಡಿವರೆಗೂ ಇದ್ಯಾ? ನಾವು ಬರೋ ತಾರೀಖಿಗೆ ಒಳಗೆ ಹೊರಗೆ ರಿಪೇರಿ ಕೆಲಸ ಏನಾದ್ರೂ ಇದ್ಯಾ?

ಉತ್ತರದಲ್ಲೇ ಹೋಟೆಲ್‌ನ ಗುಣ ಕಾಣತ್ತೆ. ನಮಗೆ ಒಂದು ಕಡೆಯಿಂದ "ನಮ್ಮ ಎಲ್ಲಾ ರೂಮುಗಳೂ ಸುಂದರವಾಗಿವೆ" ಅಂತ ಒಂದೇ ಸಾಲು ಬಂತು. ಇನ್ನೊಂದು ಕಡೆಯಿಂದ, ಸ್ಟಾರ್ ಒಂದು ಕಮ್ಮಿ ಇದ್ದ ಹೋಟೆಲ್, "ಸೇತುವೆ ಒಂದಿದೆ, ಹದಿನಾಲ್ಕು ಮೆಟ್ಟಿಲು, ನಿಮ್ಮ ತಾಯಿಯವರಿಗೆ ಕಷ್ಟ ಆದ್ರೆ ಬೋಟ್ ಹಿಂದಿನ ಬಾಗಿಲಿಗೆ ತರಿಸ್ತೀವಿ, ಬೆಳಗ್ಗೆ ಹನ್ನೊಂದರ ಮೇಲೆ ಬಂದ್ರೆ ನೀರಿನ ಮಟ್ಟ ಸರಿ ಇರತ್ತೆ" ಅಂತ ಬರೆದಿದ್ರು. ಕಿಟಕಿ ಫೋಟೋ ಜೊತೆಗಿತ್ತು, ಎದುರು ಮನೆಯ ಗೋಡೆ, ಅದರ ಬುಡದಲ್ಲಿ ಪಾಚಿಯ ಹಸಿರು ಗೆರೆ, ಏನನ್ನೂ ಮುಚ್ಚಿಟ್ಟಿರಲಿಲ್ಲ. ಅದನ್ನೇ ಬುಕ್ ಮಾಡಿದ್ವಿ. ಹನ್ನೊಂದೂವರೆಗೆ ಬೋಟ್ ಹಿಂದಿನ ಬಾಗಿಲಿಗೆ ಹೋಗಿ ನಿಂತಾಗ ಒಬ್ಬರು ಮೊದಲೇ ಕೆಳಗಿನ ಒದ್ದೆ ಮೆಟ್ಟಿಲ ಮೇಲೆ ರಬ್ಬರ್ ಚಾಪೆ ಹಾಸಿಟ್ಕೊಂಡು ಕಾಯ್ತಿದ್ರು, ಬ್ಯಾಗ್ ಮುಟ್ಟೋಕೆ ಮುಂಚೆ ಅಮ್ಮನ ಕೈ ಹಿಡ್ಕೊಂಡ್ರು.